ಆಲ್ಟರ್ ಮಾಡಿದ ಒಲೆ

ಮಾತು ಕೊಟ್ಟಾಗ ಮಗಳಿಗೆ ಏಳು ವರ್ಷ. ಶಾಲೆಯ ಹಿಂದಿನ ಹುಣಸೆ ಮರದ ಬುಡದಲ್ಲಿ ನಿಂತು ನನ್ನ ಬಲಗೈಯ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅತ್ತು ಮುಗಿದಿತ್ತು, ಮೂಗು ಮಾತ್ರ ಸೋರುತ್ತಿತ್ತು. ‘ನಾನು ದೊಡ್ಡೋಳಾದ್ಮೇಲೆ ದೊಡ್ಡ ಒಲೆ ಕಟ್ತೀನಲ್ಲ, ಅದನ್ನ ನೀನು ಮುಟ್ಬಾರ್ದು’ ಅಂದಳು. ‘ಮುಟ್ಟಲ್ಲ’ ಅಂದೆ. ‘ಒಂದ್ ಬೆರಳೂ?’ ‘ಒಂದ್ ಬೆರಳೂ ಮುಟ್ಟಲ್ಲ ಕಣವ್ವ.’ ಆಮೇಲೆ ಹೆಬ್ಬೆರಳು ಬಿಟ್ಟಳು.

ನಮ್ಮ ಊರಿನಲ್ಲಿ ಒಲೆ ಹತ್ತುವುದು ಕಟ್ಟಿದ ಕೈಗೆ ಮಾತ್ರ. ಬೀಡಿ, ದೀಪ, ಊದುಬತ್ತಿ ಯಾರು ಹಚ್ಚಿದರೂ ಸರಿ. ಒಲೆಯ ಮಾತು ಬೇರೆ. ಮದುವೆಯಾಗಿ ಬಂದ ಹೆಣ್ಣು ಮೊದಲ ವಾರ ಅತ್ತೆಯ ಒಲೆಯ ಊಟ ಉಣ್ಣುತ್ತಾಳೆ, ಎರಡನೆಯ ವಾರ ಮಣ್ಣು ಕಲಸಿ ತನ್ನದನ್ನು ಕಟ್ಟಿಕೊಳ್ಳುತ್ತಾಳೆ. ಯಾರಾದರೂ ತೀರಿಕೊಂಡರೆ ಅವರ ಒಲೆಯನ್ನು ಒಡೆದು ಇಟ್ಟಿಗೆಯನ್ನು ಬಚ್ಚಲಿನ ಹಿಂದೆ ಪೇರಿಸುತ್ತೇವೆ, ಬೇರೆ ಯಾರ ಕೈಗೂ ಅದರಿಂದ ಪ್ರಯೋಜನವಿಲ್ಲ. ತಾಲ್ಲೂಕು ಕಚೇರಿಗೆ ವರ್ಗವಾಗಿ ಬಂದ ಗುಮಾಸ್ತರೊಬ್ಬರು ಗ್ಯಾಸ್ ಸ್ಟವ್ ತಂದಿದ್ದರು. ಅದನ್ನು ಕಟ್ಟಿದ ಕೈ ಯಾವ ಕಾರ್ಖಾನೆಯಲ್ಲಿತ್ತೋ ಏನೋ, ಮೂರು ಪೊಟ್ಟಣ ಬೆಂಕಿಕಡ್ಡಿ ಗೀರಿ ಸುಸ್ತಾದ ಮೇಲೆ ಅದರ ಮೇಲೆ ಕರಿಬೇವಿನ ಕುಂಡ ಇಟ್ಟರು. ಹೊರಗಿನ ಊರುಗಳಲ್ಲಿ ಯಾರ ಒಲೆಯನ್ನು ಯಾರು ಬೇಕಾದರೂ ಹಚ್ಚುತ್ತಾರಂತೆ. ಕೇಳಿದರೆ ನಮಗೆ ಒಂಥರಾ ಮುಜುಗರ, ಇನ್ನೊಬ್ಬರ ಬ್ರಷ್ಷಿನಲ್ಲಿ ಹಲ್ಲುಜ್ಜಿದ ಹಾಗೆ.

ಎರಡು ಕೈ ಬಿದ್ದರೆ ಒಲೆ ಹಿರಿಯ ಕೈಯನ್ನು ಹಿಡಿಯುತ್ತದೆ. ಅದಕ್ಕೇ ನಮ್ಮಲ್ಲಿ ಒಲೆ ಕಟ್ಟಿಸುವ ಮೇಸ್ತ್ರಿಗೆ ಬಾಯಿಮೇಸ್ತ್ರಿ ಎನ್ನುತ್ತೇವೆ. ಅವನು ಬಂದ ಕೂಡಲೇ ಹೆಗಲ ಮೇಲಿನ ಟವೆಲನ್ನು ಕೊಟ್ಟು, ಬೆನ್ನು ತಿರುಗಿಸಿ, ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಸಿಕೊಳ್ಳುತ್ತಾನೆ. ತಪ್ಪು ಕಂಡಾಗ ಅಭ್ಯಾಸಬಲದಿಂದ ಕೈ ಮುಂದಕ್ಕೆ ಬಂದುಬಿಟ್ಟರೆ ಎಂಬ ಭಯ. ಹಾಗೆ ನಿಂತುಕೊಂಡೇ ಸಂಜೆಯವರೆಗೆ ಬಾಯಲ್ಲಿ ಹೇಳುತ್ತಾನೆ. ನೊಣ ಮೂಗಿನ ಮೇಲೆ ಕೂತರೆ ಮನೆಯವರು ಓಡಿಸಬೇಕು.

ಹುಣಸೆ ಮರದ ಕಥೆಗೆ ಬರುತ್ತೇನೆ. ಎರಡನೇ ತರಗತಿಯಲ್ಲಿ ಮಕ್ಕಳೆಲ್ಲ ಅಂಗೈಯಗಲದ ಮಣ್ಣಿನ ಒಲೆ ಮಾಡಿಕೊಂಡು ಹೋಗಿ ಶಾಲೆಯ ಅಂಗಳದಲ್ಲಿ ಹಾಲು ಉಕ್ಕಿಸುವ ದಿನವೊಂದಿದೆ. ಮಗಳು ಮೇದಿನಿ ತನ್ನದನ್ನು ಮಾಡಿ ಜಗುಲಿಯ ಮೇಲೆ ಒಣಗಲು ಇಟ್ಟಿದ್ದಳು. ಪಾತ್ರೆ ಕೂರುವ ಮೂರು ಗುಬ್ಬಿಗಳಲ್ಲಿ ಒಂದು ಗಿಡ್ಡ. ನಾನು ಟೈಲರ್. ಗಿಡ್ಡವಾದದ್ದು, ವಾರೆಯಾದದ್ದು ಕಣ್ಣಿಗೆ ಬಿದ್ದರೆ ಅದು ನನಗೆ ಕಣ್ಣಲ್ಲಿ ಧೂಳು ಬಿದ್ದಂತೆ. ಒಂದು ಚಿಟಿಕೆ ಮಣ್ಣು ಹಚ್ಚಿ ಸಮ ಮಾಡಿದೆ. ಮಾರನೆಯ ದಿನ ಎಲ್ಲ ಮಕ್ಕಳ ಒಲೆ ಹತ್ತಿತು, ನನ್ನ ಮಗಳದು ಹತ್ತಲಿಲ್ಲ. ಟೀಚರ್ ನನ್ನ ಮುಖ ನೋಡಿ, ‘ಟೈಲರ್ರೇ, ನೀವೊಂದ್ಸಲ ಗೀರಿ’ ಅಂದರು. ಗೀರಿದೆ, ಹತ್ತಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಗಳು ಹುಣಸೆ ಮರದ ಹಿಂದಕ್ಕೆ ಹೋದಳು.

ಹದಿಮೂರು ವರ್ಷ ನಾನು ಆ ಮಾತನ್ನು ನೆನೆಯುವ ಸಂದರ್ಭವೇ ಬರಲಿಲ್ಲ. ಶಾಲೆಯ ಯೂನಿಫಾರಂ ಹೊಲಿದೆ, ಬ್ಲೌಸ್ ಹೊಲಿದೆ, ಸೊಂಟ ಹಿಡಿಸಿಕೊಂಡೆ. ಮೇದಿನಿ ಓದು ಮುಗಿಸಿ ಜಯಶೀಲಮ್ಮನ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದಳು. ನಮ್ಮ ಊರಿನಲ್ಲಿ ಇನ್ನೊಬ್ಬರ ಅಡುಗೆಮನೆಯಲ್ಲಿ ಅಷ್ಟೇ ಸಿಗುವುದು. ಎಷ್ಟೇ ಕೈಗುಣವಿದ್ದರೂ ಒಲೆ ಯಜಮಾನರ ಕೈಗೇ ಹತ್ತಬೇಕು. ಸ್ವಂತ ಒಲೆಯಿಲ್ಲದವರು ನಾದುವವರು, ಹೆಚ್ಚುವವರು, ತೊಳೆಯುವವರು. ಜಯಶೀಲಮ್ಮನ ಹತ್ತಿರ ಇಪ್ಪತ್ತೆರಡು ವರ್ಷದಿಂದ ನಾದುತ್ತಿರುವ ಒಬ್ಬ ಹೆಂಗಸಿದ್ದಾಳೆ, ಅವಳ ಭುಜ ಎರಡೂ ಕಿವಿಯ ಹತ್ತಿರ ಬಂದು ನಿಂತಿವೆ. ಅವಳನ್ನು ನೋಡಿಕೊಂಡು ಬಂದ ದಿನ ಮೇದಿನಿ ಊಟದ ತಟ್ಟೆಯ ಮುಂದೆ ಕೂತು, ‘ನಾನು ಹಿತ್ತಲಲ್ಲಿ ಪಿಜ್ಜಾ ಒಲೆ ಕಟ್ತೀನಿ’ ಅಂದಳು.

ಪಿಜ್ಜಾವನ್ನು ಅವಳು ಕಾಲೇಜಿನಿಂದ ಪ್ರವಾಸಕ್ಕೆ ಹೋದಾಗ ಯಾವುದೋ ಊರಿನಲ್ಲಿ ತಿಂದಿದ್ದಳು. ನನ್ನ ಹೆಂಡತಿ ಕಸ್ತೂರಿಗೆ ಅದನ್ನು ಎಷ್ಟು ವಿವರಿಸಿದರೂ ಅರ್ಥವಾಗಲಿಲ್ಲ. ‘ರೊಟ್ಟಿ ಮೇಲೆ ಪಲ್ಯ ಹಾಕಿ ಕೊಡೋದಕ್ಕೆ ಗೋಪುರ ಯಾಕೆ ಬೇಕೇ? ನನ್ ಒಲೇಲಿ ನಾನ್ ಮಾಡ್ಕೊಡ್ತೀನಿ ಬಾ.’ ‘ಅದು ಕೆಳಗಿಂದ ಬೇಯೋದಲ್ಲಮ್ಮ. ಗುಮ್ಮಟ ಕಾಯ್ಬೇಕು. ಮೇಲಿಂದ, ಪಕ್ಕದಿಂದ ಶಾಖ ಬರ್ಬೇಕು. ಎರಡೇ ನಿಮಿಷಕ್ಕೆ ಉಬ್ಬಿ ಬಂದ್ಬಿಡತ್ತೆ.’ ‘ಎರಡ್ ನಿಮಿಷದ ರೊಟ್ಟಿಗೆ ಎರಡ್ ತಿಂಗಳ ಒಲೆ’ ಎಂದು ಕಸ್ತೂರಿ ನನ್ನ ಕಡೆ ನೋಡಿದಳು. ಮಗಳೂ ನನ್ನ ಕಡೆ ನೋಡಿದಳು. ‘ಅಪ್ಪ, ನೆನಪಿದೆಯಾ?’ ಅಂದಳು. ‘ಒಂದ್ ಬೆರಳೂ ಇಲ್ಲ’ ಅಂದೆ. ನಕ್ಕಳು. ಅವಳು ನಗುವಾಗ ಕೆಳತುಟಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಚಿಕ್ಕಂದಿನಿಂದ ಹಾಗೇ.

ಮಾದಯ್ಯ ಮೇಸ್ತ್ರಿಯನ್ನು ಕರೆಸಿದಳು. ಊರಿನ ಬಾಯಿಮೇಸ್ತ್ರಿಗಳಲ್ಲಿ ಅವನೇ ಹಿರಿಯ. ಗುಮ್ಮಟದ ಒಲೆ ಹೇಳಿಕೊಟ್ಟು ಗೊತ್ತಿದ್ದವನೂ ಅವನೊಬ್ಬನೇ, ಜಯಶೀಲಮ್ಮನ ಬೇಕರಿಯದು ಅವನ ಬಾಯಿಂದ ಬಂದದ್ದು. ಕೈ ಕಟ್ಟಿಸಿಕೊಂಡು ಪಪ್ಪಾಯಿ ಗಿಡದ ನೆರಳಲ್ಲಿ ನಿಂತು ಶುರು ಮಾಡಿದ. ‘ಕೂಸೇ, ಮೊದ್ಲು ಕಟ್ಟೆ. ಕಟ್ಟೆ ಮೇಲೆ ಒಡೆದ ಬಾಟ್ಲಿ ಚೂರು, ಅದ್ರ ಮೇಲೆ ಮರಳು, ಅದ್ರ ಮೇಲೆ ಹಾಸಿಟ್ಟಿಗೆ. ಗಾಜು ಯಾಕೆ ಹೇಳು? ಶಾಖ ಕೆಳಕ್ಕೆ ಇಳೀಬಾರ್ದು. ಗುಮ್ಮಟದೆತ್ತರ ಹದಿನಾರು ಇಂಚು ಆದ್ರೆ ಬಾಯೆತ್ತರ ಹತ್ತಿಂಚು. ಹನ್ನೊಂದಾದ್ರೆ ಶಾಖ ಓಡೋಯ್ತದೆ, ಒಂಬತ್ತಾದ್ರೆ ಹೊಗೆ ಮುಖಕ್ಕೆ ಬತ್ತದೆ. ನನ್ ಹೆಂಡ್ರು ಬಾಯಿ ಒಂಬತ್ತಿಂಚು, ಅದಕ್ಕೇ ಈ ಕಣ್ಣು ನೋಡು.’ ಮೇದಿನಿ ನಗುತ್ತಾ ಇಟ್ಟಿಗೆ ಇಟ್ಟಳು. ಅವನು ಹೇಳಿದಂತೆ ಹುತ್ತದ ಮಣ್ಣು, ಮರಳು, ಬೆಲ್ಲದ ನೀರು ಹಾಕಿ ಕಾಲಿನಿಂದ ತುಳಿದು ಗಾರೆ ಕಲಸಿದಳು. ಒದ್ದೆ ಮರಳನ್ನು ಗುಡ್ಡೆ ಹಾಕಿ ಗುಮ್ಮಟದ ಆಕಾರಕ್ಕೆ ತಟ್ಟಿ, ಮೇಲೆ ನೆನೆಸಿದ ದಿನಪತ್ರಿಕೆ ಹೊದಿಸಿದಳು. ಆ ಮರಳಿನ ಬೆನ್ನ ಮೇಲೆ ಸಾಲು ಸಾಲಾಗಿ ಅರ್ಧ ಇಟ್ಟಿಗೆ ಕೂರಿಸುತ್ತಾ ಮೇಲಕ್ಕೆ ಹೋಗಬೇಕು. ಕೊನೆಗೆ ನೆತ್ತಿಯ ಇಟ್ಟಿಗೆ ಬಿಗಿದು, ಎಲ್ಲ ಒಣಗಿದ ಮೇಲೆ ಒಲೆಯ ಬಾಯಿಂದ ಮರಳು ತೋಡಿ ತೆಗೆದರೆ ಗುಮ್ಮಟ ತಾನೇ ನಿಲ್ಲಬೇಕು.

ಬೆಳಿಗ್ಗೆ ಒಂದು ಸಾಲು ಕಟ್ಟಿ, ಒದ್ದೆ ಗೋಣಿ ಮುಚ್ಚಿ, ಎಂಟಕ್ಕೆ ಬೇಕರಿಗೆ ಹೋಗುತ್ತಿದ್ದಳು. ನನ್ನ ಮಿಷನ್ನು ಇರುವುದು ಹಿತ್ತಲ ಕಡೆಯ ಕಿಟಕಿಯ ಹತ್ತಿರ. ಮೂರನೆಯ ದಿನ ಗಾಳಿಗೆ ಗೋಣಿ ಸರಿದಿತ್ತು. ಎರಡನೆಯ ಸಾಲಿನಲ್ಲಿ, ಬಾಯಿಯ ಎಡಕ್ಕೆ, ಒಂದು ಇಟ್ಟಿಗೆ ಹೊರಕ್ಕೆ ಮೂತಿ ಚಾಚಿತ್ತು. ಮಧ್ಯಾಹ್ನದವರೆಗೂ ನೋಡಿದೆ. ಎರಡು ಕಾಲರ್ ತಪ್ಪು ಹೊಲಿದು ಬಿಚ್ಚಿದೆ. ಕಸ್ತೂರಿ ಊಟ ಮಾಡಿ ಅಡ್ಡಾಗಿದ್ದಳು. ಹೋಗಿ ಗೋಣಿ ಸರಿ ಮಾಡಿ ಬರೋಣ ಎಂದು ಎದ್ದೆ. ಗಾರೆ ಇನ್ನೂ ಹಸಿಯಾಗಿತ್ತು. ಇಟ್ಟಿಗೆಯನ್ನು ಸ್ವಲ್ಪ ಅಲ್ಲಾಡಿಸಿದೆ, ಕೈಗೆ ಬಂತು. ಕೆಳಗಿನ ಗಾರೆ ಕೆರೆದು, ನೂಲು ಹಿಡಿದು ನೋಡಿ, ಕೂರಿಸಿದೆ. ನೆಟ್ಟಗಾಯಿತು. ಕಣ್ಣಿನ ಧೂಳು ಹೋಯಿತು.

ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮನುಷ್ಯ ತನ್ನ ಕಸುಬಿನ ಭಾಷೆಯಲ್ಲಿಯೇ ತನಗೆ ಸಮಾಧಾನ ಹೇಳಿಕೊಳ್ಳುತ್ತಾನೆ. ಹೊಲಿಯುವುದು ಬೇರೆ, ಆಲ್ಟರ್ ಮಾಡುವುದು ಬೇರೆ. ಇನ್ನೊಬ್ಬ ಟೈಲರ್ ಹೊಲಿದ ಪ್ಯಾಂಟಿನ ಸೊಂಟವನ್ನು ನಾನು ಅರ್ಧ ಇಂಚು ಹಿಡಿದರೆ ಅದು ನಾನು ಹೊಲಿದ ಪ್ಯಾಂಟಾಗುವುದಿಲ್ಲ. ಕಟ್ಟಿದವಳು ಅವಳು, ನಾನು ಆಲ್ಟರ್ ಮಾಡಿದೆ ಅಷ್ಟೇ. ಒಂದೆರಡು ಇಟ್ಟಿಗೆ ಮುಟ್ಟಿದರೆ ಒಲೆಗೆ ಗೊತ್ತಾಗುವುದಿಲ್ಲ ಎಂದು ನಮ್ಮ ಊರಿನ ತಾಯಂದಿರು ಪಿಸುಗುಟ್ಟುವುದನ್ನು ಕೇಳಿದ್ದೇನೆ. ಅಂಗೈಯಗಲದ ಒಲೆಗೆ ಒಂದು ಚಿಟಿಕೆ ಮಣ್ಣು ಜಾಸ್ತಿಯಾಯಿತು, ಇಷ್ಟು ದೊಡ್ಡ ಗುಮ್ಮಟಕ್ಕೆ ಒಂದು ಇಟ್ಟಿಗೆ ಯಾವ ಲೆಕ್ಕ? ಹೀಗೆ. ಮಾರನೆಯ ದಿನ ಮೂರು ಇಟ್ಟಿಗೆ ತೆಗೆದು ಮತ್ತೆ ಕೂರಿಸಿದೆ. ಅದರ ಮಾರನೆಯ ದಿನ ಎಷ್ಟೆಂದು ಎಣಿಸಲಿಲ್ಲ. ಅವಳು ಕೈಯಲ್ಲಿ ಬಿಗಿ ಇಲ್ಲದೆ ಇಟ್ಟಿಗೆಯನ್ನು ಎಡಕ್ಕೆ ಎಳೆಯುತ್ತಿದ್ದಳು. ಹೀಗೇ ಬಿಟ್ಟರೆ ಮರಳು ತೆಗೆದ ದಿನ ಗುಮ್ಮಟ ಅವಳ ಕೈ ಮೇಲೆ ಕುಸಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಕುಸಿಯುತ್ತದೆಂದು ನನಗೆ ಖಾತ್ರಿಯಿರಲಿಲ್ಲ. ಅವಳ ಕೈಯಿಂದ ನೆಟ್ಟಗಿನದು ಬರುವುದಿಲ್ಲ ಎಂಬುದು ಮಾತ್ರ ಖಾತ್ರಿಯಿತ್ತು.

ಸಂಜೆ ಬೇಕರಿಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹಿತ್ತಲಿಗೆ ಓಡುತ್ತಿದ್ದಳು. ಒಂದು ದಿನ ಅಲ್ಲಿಂದಲೇ ಕೂಗಿದಳು. ‘ಅಪ್ಪ, ಬಾ ಇಲ್ಲಿ! ದೂರದಲ್ಲೇ ನಿಂತ್ಕೊ, ನೋಡು. ಬೆಳಿಗ್ಗೆ ಕಟ್ಟಿದಾಗ ವಾರೆ ಅನ್ಸಿತ್ತು. ಈಗ ನೋಡು, ಹೊಲಿಗೆ ಹಾಕಿದ ಹಾಗಿದೆ. ಗಾರೆ ಎಳ್ಕೊಂಡ ಮೇಲೆ ಇಟ್ಟಿಗೆ ತಾನೇ ನೆಟ್ಟಗಾಗತ್ತೆ!’ ಅಂಗೈಗೆ ಅಂಟಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ಬೀಳಿಸುತ್ತಾ ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಮೊದಲು ನೋಡಿರಲಿಲ್ಲ. ‘ಹೌದು ಕಣವ್ವ’ ಅಂದೆ. ಭಾನುವಾರ ಬಂದ ಮಾದಯ್ಯನಿಗೂ ಅದನ್ನೇ ಹೇಳಿದಳು. ‘ಒಣಗಿದ ಮೇಲೆ ನೆಟ್ಟಗಾಗುತ್ತೆ ಮೇಸ್ತ್ರಿ, ನೀವು ಇದನ್ನ ಹೇಳೇ ಇರ್ಲಿಲ್ಲ.’ ಮಾದಯ್ಯ ಕೈ ಕಟ್ಟಿಸಿಕೊಳ್ಳುತ್ತಾ ಗುಮ್ಮಟ ನೋಡಿದ, ಆಮೇಲೆ ಕಿಟಕಿಯಲ್ಲಿದ್ದ ನನ್ನನ್ನು ನೋಡಿದ. ‘ಐವತ್ ವರ್ಸದಲ್ಲಿ ನಾನೂ ಕಂಡಿರ್ಲಿಲ್ಲ ಕೂಸೇ’ ಅಂದ. ನಾನು ಪೆಡಲ್ ತುಳಿದೆ.

ಮರಳು ತೆಗೆದ ದಿನ ಗುಮ್ಮಟ ನಿಂತಿತು. ಮೇದಿನಿ ಒಳಗೆ ತಲೆ ಹಾಕಿ ಕೂಗಿದಳು, ಅವಳ ದನಿ ಅವಳಿಗೇ ವಾಪಸ್ ಬಂತು. ಹದಿನೈದು ದಿನ ಒಣಗಲು ಬಿಟ್ಟು, ಒಂದು ಭಾನುವಾರ ಬೆಳಿಗ್ಗೆ ಹಚ್ಚುವುದೆಂದು ಊರಿಗೆಲ್ಲ ಹೇಳಿದಳು. ಜಯಶೀಲಮ್ಮ ಬಂದರು, ಕಿವಿಗೆ ಭುಜ ಅಂಟಿದ ಹೆಂಗಸು ಬಂದಳು, ನನ್ನ ಗಿರಾಕಿಗಳು ಬಂದರು. ಕಸ್ತೂರಿ ಹಿಂದಿನ ದಿನದಿಂದಲೇ ಟೊಮೆಟೊ ಬೇಯಿಸಿ ಗೊಜ್ಜಿನಂತೆ ಮಾಡಿಟ್ಟಿದ್ದಳು. ಪಿಜ್ಜಾ ಒಳಕ್ಕೆ ತಳ್ಳಲು ಉದ್ದ ಹಿಡಿಯ ಮರದ ಹಲಗೆಯೂ ಬಂದಿತ್ತು, ಅದರ ಹಿಡಿಯ ಮೇಲೆ ಮೇದಿನಿ ತನ್ನ ಹೆಸರು ಕೊರೆದಿದ್ದಳು. ಅದೂ ಎಡಕ್ಕೆ ವಾಲಿತ್ತು. ಅದನ್ನು ನಾನು ಮುಟ್ಟಿರಲಿಲ್ಲ.

ಸಣ್ಣ ಪುರಲೆ ಸೌದೆ ಜೋಡಿಸಿ, ಕೆಳಗೆ ತೆಂಗಿನ ನಾರಿಟ್ಟು, ಕಡ್ಡಿ ಗೀರಿದಳು. ಕಡ್ಡಿ ಉರಿಯಿತು. ನಾರಿಗೆ ತಾಗಿಸಿದಳು. ಕಡ್ಡಿ ಆರಿತು. ಇನ್ನೊಂದು. ಮತ್ತೊಂದು. ‘ನಾರು ಹಸಿ ಇರ್ಬೇಕು’ ಎಂದು ಯಾರೋ ಅಂದರು. ಸೀಮೆಎಣ್ಣೆ ತಂದು ಸುರಿದರು. ಸೀಮೆಎಣ್ಣೆಯಲ್ಲಿ ಅದ್ದಿದ ಕಡ್ಡಿ ನೀರಿನಲ್ಲಿ ಅದ್ದಿದ ಹಾಗೆ ಚುಯ್ ಅಂದಿತು. ಆಗ ಜಯಶೀಲಮ್ಮ ಮೆಲ್ಲಗೆ ಕೇಳಿದರು. ‘ಬೇರೆ ಕೈ ಏನಾದ್ರೂ ಬಿದ್ದಿತ್ತೇನಮ್ಮ?’ ಮೇದಿನಿ ತಲೆ ಎತ್ತಿದಳು. ‘ಇಲ್ಲ ಮೇಡಂ. ನಾನೊಬ್ಳೇ.’ ‘ಮನೇಲಿ ಯಾರಾದ್ರೂ...’ ‘ನಮ್ಮಪ್ಪ ಮುಟ್ಟಿಲ್ಲ. ಮಾತು ಕೊಟ್ಟಿದಾರೆ’ ಅಂದಳು. ನನ್ನ ಕಡೆ ತಿರುಗಿ ನೋಡಲೂ ಇಲ್ಲ. ನೋಡುವ ಅಗತ್ಯ ಅವಳಿಗೆ ಕಾಣಲಿಲ್ಲ.

ಆ ಹೊತ್ತಿಗೆ ನಾನು ಒಂದು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಇಷ್ಟು ಜನರ ಎದುರಿಗೆ ಬೇಡ, ಎಲ್ಲರೂ ಹೋಗಲಿ ಅಂದುಕೊಂಡೆ. ಎಲ್ಲರೂ ಹೋದರು. ಆಮೇಲೆ ಅವಳು ಊಟ ಮಾಡಲಿ ಅಂದುಕೊಂಡೆ. ಅವಳು ಊಟ ಮಾಡಲಿಲ್ಲ.

ತಾನು ಕಟ್ಟಿದ ಒಲೆ ತನ್ನ ಕೈಗೇ ಹತ್ತದವರನ್ನು ನಮ್ಮ ಊರಿನಲ್ಲಿ ತಣ್ಣಗೈ ಎನ್ನುತ್ತಾರೆ. ತಲೆಮಾರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಅವರಿಗೆ ಯಾರೂ ಬೈಯುವುದಿಲ್ಲ, ಬರೀ ಕನಿಕರ. ಹೆಣ್ಣು ಕೇಳಿಕೊಂಡು ಬರುವವರು ಎರಡು ಮನೆ ಆಚೆಯೇ ನಿಲ್ಲುತ್ತಾರೆ. ಮದುವೆ ಮನೆಯಲ್ಲಿ ಅಕ್ಕಿ ಅಳೆಯಲು ಕರೆಯುವುದಿಲ್ಲ. ಬುಧವಾರ ಬ್ಲೌಸಿನ ಅಳತೆಗೆ ಬಂದವರೊಬ್ಬರು, ‘ಪಾಪ, ಎಷ್ಟು ಚೆನ್ನಾಗ್ ಕಟ್ಟಿದ್ಲು. ಕೈ ತಣ್ಣಗಿದ್ರೆ ಏನ್ ಮಾಡಕ್ಕಾಗತ್ತೆ’ ಅಂದರು. ನಾನು ಟೇಪು ಹಿಡಿದು ತೋಳಿನ ಸುತ್ತಳತೆ ಬರೆದುಕೊಂಡೆ.

ಇನ್ನೂ ಒಂದನ್ನು ಬರೆಯದೆ ಬಿಟ್ಟರೆ ಬರೆದದ್ದೆಲ್ಲ ವ್ಯರ್ಥ. ಆ ದಿನಗಳಲ್ಲಿ ನನ್ನೊಳಗೆ ನಾಚಿಕೆಯ ಜೊತೆಗೆ ಒಂದು ಸಣ್ಣ ನೆಮ್ಮದಿಯೂ ಇತ್ತು. ತಣ್ಣಗೈ ಹುಡುಗಿ ಎಲ್ಲಿಗೂ ಹೋಗುವುದಿಲ್ಲ. ನಮ್ಮ ಜೊತೆಗೇ ಇರುತ್ತಾಳೆ, ತಾಯಿಯ ಒಲೆಯಲ್ಲಿ ಉಣ್ಣುತ್ತಾಳೆ. ಕಾಜಾ ಗುಂಡಿ ಹಾಕುವುದನ್ನು ಕಲಿಸಿದರೆ ನನಗೂ ಒಂದು ಕೈಯಾಗುತ್ತದೆ. ಹೀಗೆ ಯೋಚಿಸುತ್ತಾ ಕೂತವನು ನಾನೇ.

ಮಾದಯ್ಯ ಒಂದು ಮಧ್ಯಾಹ್ನ ಹರಿದ ಅಂಗಿಯೊಂದನ್ನು ಹಿಡಿದು ಬಂದ. ಅಂಗಿ ನೆಪ. ಹಿತ್ತಲಿಗೆ ಹೋಗಿ ಗುಮ್ಮಟದ ಸುತ್ತ ಒಂದು ಸುತ್ತು ಬಂದು, ಸಾಲುಗಳ ಸಂದಿಯಲ್ಲಿ ಉಗುರು ಓಡಿಸಿದ. ‘ಟೈಲ್ರಪ್ಪ, ನಾನು ಸಾವಿರ ಕೈ ನೋಡಿವ್ನಿ. ಈ ಸಾಲು ನಿನ್ ಮಗಳ ಕೈಯಲ್ಲ. ಇದು ಹೊಲಿಗೆ.’ ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ, ಪೋಣಿಸುತ್ತಲೇ ಇದ್ದೆ. ‘ಅವ್ಳಿಗೆ ಹೇಳು.’ ‘ನೀನೇ ಹೇಳ್ಬಿಡು ಮಾದಯ್ಯ’ ಅಂದೆ. ‘ಬಾಯಲ್ಲೇ ಬದುಕಿರೋನು ನಾನು. ಆದ್ರೂ ಇದ್ಕೆ ನನ್ ಬಾಯಿ ಬರಲ್ಲ. ನಿನ್ ಕೈ ಮಾಡಿದ್ದನ್ನ ನಿನ್ ಬಾಯೇ ಹೇಳ್ಬೇಕು.’ ಅಂಗಿಯನ್ನು ಹೊಲಿಸದೆಯೇ ಎತ್ತಿಕೊಂಡು ಹೋದ. ಆ ದಿನವೂ ನಾನು ಹೇಳಲಿಲ್ಲ.

ಎರಡು ದಿನ ಬಿಟ್ಟು ಮೇದಿನಿ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಕೈಯಲ್ಲಿ ಮಡಿಚಿದ ಏಪ್ರನ್ ಇತ್ತು. ತಣ್ಣಗೈ ಮುಟ್ಟಿದ ಹಿಟ್ಟು ಹುದುಗುವುದಿಲ್ಲ ಎಂದು ಬೇಕರಿಯಲ್ಲಿ ಉಳಿದವರು ತಕರಾರು ತೆಗೆದಿದ್ದರಂತೆ. ಜಯಶೀಲಮ್ಮ ಒಳ್ಳೆಯ ಮಾತಿನಲ್ಲಿಯೇ ಕಳಿಸಿದ್ದರು, ಕೇಕಿನ ಡಬ್ಬಿಗೆ ದಾರ ಕಟ್ಟುವ ಕೆಲಸ ಬೇಕಾದರೆ ಬಾ ಅಂದಿದ್ದರು. ಇಷ್ಟನ್ನೂ ತಾಯಿಗೆ ಹೇಳಿ ಅಡುಗೆಮನೆಯೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಸ್ತೂರಿ ಚೀರಿದ್ದು ಕೇಳಿಸಿತು.

ಓಡಿ ಹೋದೆ. ರೊಟ್ಟಿ ತೆಗೆದಿಟ್ಟ ಕಾದ ಹೆಂಚಿನ ಮೇಲೆ ಮಗಳು ಎರಡೂ ಅಂಗೈಗಳನ್ನು ಊರಿದ್ದಳು. ಕಸ್ತೂರಿ ಸೊಂಟ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. ‘ಬಿಡಮ್ಮ, ಕಾಯ್ಲಿ. ಹೀಗೆ ಕಾಯಿಸಿದ್ರೆ ಹೋಗತ್ತಂತೆ. ಹಿಂದೆ ಯಾರ್ಗೋ ಹೋಗಿತ್ತಂತೆ’ ಎಂದು ಅವಳು ಸಮಾಧಾನದಿಂದಲೇ ಹೇಳುತ್ತಿದ್ದಳು, ಹಲ್ಲು ಮಾತ್ರ ಕಟಕಟ ಅನ್ನುತ್ತಿತ್ತು. ಕೈಗಳನ್ನು ಎಳೆದು ನೀರಿನ ಬಕೆಟ್ಟಿನಲ್ಲಿ ಅದ್ದಿದೆವು. ಅಂಗೈ ಕೆಂಪಗೆ ಊದಿ, ಬೆರಳ ಬುಡದಲ್ಲಿ ಬೊಬ್ಬೆಗಳು ಏಳುತ್ತಿದ್ದವು.

‘ಬಾ’ ಅಂದೆ. ‘ಎಲ್ಲಿಗ್ರೀ, ಆಸ್ಪತ್ರೆಗಾ?’ ಎಂದು ಕಸ್ತೂರಿ ಕೇಳಿದಳು. ಹಿತ್ತಲಿಗೆ ಹೋದೆ. ಒಲೆಯೊಳಗೆ ಅವಳು ಆ ಭಾನುವಾರ ಜೋಡಿಸಿದ ಪುರಲೆ ಹಾಗೇ ಇತ್ತು. ಒಂದು ಕಡ್ಡಿ ಗೀರಿ ಒಳಕ್ಕೆ ಎಸೆದೆ. ತಾಗಿಸಲೂ ಇಲ್ಲ. ಬೆಂಕಿ ಎದ್ದು ಗುಮ್ಮಟದ ನೆತ್ತಿ ಸವರಿ, ಮಡಚಿಕೊಂಡು, ಬಾಯಿಯ ಹತ್ತಿರ ಬಂತು. ಮಾದಯ್ಯ ಹೇಳಿಕೊಟ್ಟಿದ್ದ ಅಳತೆ ಸರಿಯಾಗಿತ್ತು, ಹೊಗೆ ಒಂದಿಷ್ಟೂ ಮುಖಕ್ಕೆ ಬರಲಿಲ್ಲ.

ಮೇದಿನಿ ಒದ್ದೆ ಬಟ್ಟೆಯಲ್ಲಿ ಕೈ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೆಂಕಿಯನ್ನೇ ನೋಡಿದಳು. ಕೂಗಾಡಲಿ ಎಂದು ಕಾದೆ. ‘ಮೊದಲ್ನೇದು ಯಾವ್ದು?’ ಅಂದಳು. ಎರಡನೆಯ ಸಾಲಿನಲ್ಲಿ, ಬಾಯಿಯ ಎಡಕ್ಕೆ, ತೋರಿಸಿದೆ. ‘ವಾರೆ ಇತ್ತಾ?’ ‘ಇತ್ತು.’ ‘ಎಷ್ಟು?’ ‘ಎರಡು ನೂಲು.’ ಎರಡು ನೂಲು ಎಂದರೆ ಕಾಲು ಇಂಚು. ‘ಎರಡು ನೂಲಿಗೆ’ ಅಂದಳು. ಆಮೇಲೆ, ‘ಎಲ್ರೂ ಕೇಳಿದಾಗ ನಾನು ನಿನ್ ಕಡೆ ನೋಡ್ಲೂ ಇಲ್ಲ ಅಪ್ಪ’ ಅಂದಳು. ‘ಗೊತ್ತು.’ ‘ಯಾಕೆ ಅಂತ ಗೊತ್ತಾ?’ ‘ಗೊತ್ತು ಕಣವ್ವ.’ ‘ಹೂಂ’ ಎಂದು ಒಳಗೆ ಹೋದಳು.

ಒಡೆದುಬಿಡೋಣ, ಹೊಸ ಇಟ್ಟಿಗೆ ತರಿಸುತ್ತೇನೆ, ಇನ್ನೊಂದು ಕಟ್ಟು, ನಾನು ಹಿತ್ತಲ ಕಿಟಕಿಗೆ ಹಲಗೆ ಹೊಡೆಸುತ್ತೇನೆ ಎಂದೆಲ್ಲ ಹೇಳಿದೆ. ಅವಳು ತಾಯಿಯ ಕೈಯಿಂದ ತುತ್ತು ತಿನ್ನುತ್ತಿದ್ದಳು, ಅಂಗೈ ಮಡಚಲು ಆಗುತ್ತಿರಲಿಲ್ಲ. ‘ಇನ್ನೊಂದ್ ಕಟ್ಟಿದ್ರೆ ಅದನ್ನ ಕಾಯ್ಕೊಂಡ್ ಕೂರ್ಬೇಕಲ್ಲಪ್ಪ. ನಾನ್ ಕೆಲ್ಸ ಹುಡುಕ್ಕೊಂಡ್ ಹೋಗ್ಬೇಕು’ ಅಂದಳು. ಬಿರುಸಾಗಿ ಅನ್ನಲಿಲ್ಲ. ಮಳೆ ಬರೋ ಹಾಗಿದೆ, ಬಟ್ಟೆ ತೆಗೀಬೇಕು ಅನ್ನುವ ಹಾಗೆ ಅಂದಳು. ಬೊಬ್ಬೆ ಒಣಗಿದ ಮೇಲೆ ಒಂದು ಚೀಲ ಹಿಡಿದು ಮಾದಯ್ಯನ ಮನೆಗೆ ಹೋದಳು. ಮಕ್ಕಳಿಲ್ಲದ ಮನೆ, ದೊಡ್ಡ ಹಿತ್ತಲು, ಬೀಗ ಹಾಕುವ ಗೇಟು. ಮರದ ಹಲಗೆಯನ್ನೂ ಹೆಗಲ ಮೇಲೆ ಹೊತ್ತುಕೊಂಡು ಹೋದಳು. ಅವಳು ತಣ್ಣಗೈ ಅಲ್ಲ, ಟೈಲರ್ ಕೈ ಹಾಕಿದ್ದ ಎಂಬುದು ಒಂದೇ ದಿನದಲ್ಲಿ ಊರಿಗೆ ಗೊತ್ತಾಯಿತು. ಹೇಳಿಕೊಂಡು ಬಂದವಳು ಕಸ್ತೂರಿ, ಮನೆಮನೆಗೆ ಹೋಗಿ. ಈಗ ನನಗೆ ತಟ್ಟೆ ಹಾಕುತ್ತಾಳೆ, ಬಡಿಸುತ್ತಾಳೆ, ತಾನು ಮಾತ್ರ ಜಗುಲಿಯಲ್ಲಿ ಕೂತು ಉಣ್ಣುತ್ತಾಳೆ.

ತಡೆಯಲಾಗದೆ ಒಂದು ಭಾನುವಾರ ಮಾದಯ್ಯನ ಗೇಟಿನ ಹತ್ತಿರ ಹೋದೆ. ಅವನು ಹೊರಗೆ ಬಂದು, ‘ಒಳಕ್ಕೆ ಬರ್ಬೇಕಾದ್ರೆ ಕೈ ಕಟ್ಟಿಸ್ಕೋಬೇಕು ಟೈಲ್ರಪ್ಪ’ ಅಂದ. ಬೆನ್ನು ತಿರುಗಿಸಿ ನಿಂತೆ. ತನ್ನದೇ ಟವೆಲಿನಲ್ಲಿ ಬಿಗಿಯಾಗಿ ಕಟ್ಟಿದ. ಒಳಗೆ ಹೋದೆ. ಮೇದಿನಿ ಮಂಡಿಯೂರಿ ಎರಡನೆಯ ಸಾಲು ಕೂರಿಸುತ್ತಿದ್ದಳು. ಅಂಗೈಯ ಹೊಸ ಚರ್ಮ ಗುಲಾಬಿ ಬಣ್ಣಕ್ಕಿತ್ತು. ಇಟ್ಟಿಗೆ ಎಡಕ್ಕೆ ಎಳೆದಿತ್ತು, ಅದೇ ಎರಡು ನೂಲು. ಬೆನ್ನ ಹಿಂದೆ ನನ್ನ ಬೆರಳುಗಳು ಟವೆಲಿನೊಳಗೆ ಅಲ್ಲಾಡಿದವು. ಅವಳು ತಲೆ ಎತ್ತಿ ಮೊದಲು ನನ್ನ ಕಟ್ಟಿದ ಕೈಗಳನ್ನು, ಆಮೇಲೆ ನನ್ನ ಮುಖವನ್ನು ನೋಡಿದಳು. ಕೈಯಲ್ಲಿದ್ದ ಇಟ್ಟಿಗೆಯನ್ನು ಕೆಳಗಿಟ್ಟಳು. ‘ಕಣ್ಣು ಕಟ್ಟಿಲ್ವಲ್ಲ ಮೇಸ್ತ್ರಿ’ ಅಂದಳು.

ಮಾದಯ್ಯ ನನ್ನನ್ನು ಗೇಟಿನವರೆಗೆ ಕರೆತಂದು ಬೀಗ ಹಾಕಿಕೊಂಡ. ಟವೆಲು ಬಿಚ್ಚುವುದನ್ನು ಅವನು ಮರೆತ, ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಹಾಗೇ ಮನೆಯವರೆಗೆ ನಡೆದೆ. ಬೀದಿಯಲ್ಲಿ ಊರಿಗೆ ಹೊಸದಾಗಿ ಬಂದವನೊಬ್ಬ ನನ್ನನ್ನು ಬಾಯಿಮೇಸ್ತ್ರಿ ಅಂದುಕೊಂಡು ನಿಲ್ಲಿಸಿ, ಒಲೆ ಕಟ್ಟಿಸಲು ಎಷ್ಟು ದಿನ ಬೇಕು ಎಂದು ಕೇಳಿದ. ಕಸ್ತೂರಿ ಗಂಟು ಬಿಚ್ಚಿದಳು.

ಮೊನ್ನೆ ತೋಳು ಬಿಗಿಯಾದ ಬ್ಲೌಸು ಹಿಡಿದುಕೊಂಡು ಗಿರಾಕಿಯೊಬ್ಬರು ಬಂದರು. ‘ಅರ್ಧ ಇಂಚು ಬಿಡಿ ಟೈಲರ್ರೇ. ಅಂದ್ ಹಾಗೆ, ನಿಮ್ ಮಗಳ ಒಲೆ ಹತ್ತಿತಲ್ಲ! ಒಂದೇ ಕಡ್ಡಿಗೆ. ನಾನೂ ಹೋಗಿದ್ದೆ. ಎಡಕ್ಕೆ ಒಂಚೂರು ವಾಲ್ಕೊಂಡಿದೆ, ಬಸುರಿ ಹೆಂಗ್ಸು ನಿಂತ ಹಾಗೆ. ಆದ್ರೂ ಏನ್ ಬೆಂಕಿ ಅಂತೀರಿ! ಆ ಭುಜ ಎತ್ಕೊಂಡ್ ಓಡಾಡ್ತಾಳಲ್ಲ, ಬೇಕರಿಯವ್ಳು, ಅವ್ಳಿಗೆ ಮೊದಲ್ನೇ ತುಂಡು ಕೊಟ್ಲು. ನೀ ಈಗ ನಾದ್ಬೇಡ, ತಿನ್ನು ಅಂದ್ಲು. ನೀವ್ಯಾಕ್ ಬರ್ಲಿಲ್ಲ?’ ‘ಕೈತುಂಬ ಕೆಲ್ಸ ಇತ್ತು’ ಅಂದೆ. ಹಳೆಯ ಹೊಲಿಗೆ ಬಿಚ್ಚಲು ಬ್ಲೇಡು ತೆಗೆದುಕೊಂಡೆ.

ನಮ್ಮ ಹಿತ್ತಲಿನ ಒಲೆ ಹಾಗೇ ಇದೆ. ನೆಟ್ಟಗಿದೆ, ಒಂದು ಬಿರುಕಿಲ್ಲ. ನೋಡಿದವರೆಲ್ಲ ಏನು ಕೆಲಸ ಅನ್ನುತ್ತಾರೆ. ಒಂದೆರಡು ಸಲ ಹಚ್ಚಿ ನೋಡಿದೆ, ಕಡ್ಡಿ ಹತ್ತಿರ ಹೋಗುವ ಮೊದಲೇ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಏನು ಬೇಯಿಸುವುದೆಂದು ನನಗೆ ಗೊತ್ತಿಲ್ಲ. ಪುರಲೆ ತೀರುವವರೆಗೆ ಉರಿದು ತಾನೇ ಆರುತ್ತದೆ.

ಒಂದು ಬೆರಳೂ ಮುಟ್ಟುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟಿದ್ದೆ. ಮುಟ್ಟಿದೆ.